ನೆಟ್ ಇಲ್ಲದ ಹೊಲದಲ್ಲಿ ಪಾವತಿ ಪ್ರಿಂಟ್ ತೆಗೆಯುವುದು

ಹೆಸ್ಕಾಂನ ಮೀಟರ್ ರೀಡರ್ ಮನೆ ಬಾಗಿಲಿಗೆ ಬಂದಾಗ ಏನು ಮಾಡುತ್ತಾರೆ, ನೆನಪಿಸಿಕೊಳ್ಳಿ. ಮೀಟರಿನ ಅಂಕಿ ನೋಡುತ್ತಾರೆ, ಕೈಯಲ್ಲಿರುವ ಯಂತ್ರದಲ್ಲಿ ಅದನ್ನು ಒತ್ತುತ್ತಾರೆ. ಆ ಯಂತ್ರದಿಂದಲೋ ಸೊಂಟಕ್ಕೆ ಸಿಕ್ಕಿಸಿಕೊಂಡ ಪುಟ್ಟ ಪ್ರಿಂಟರಿನಿಂದಲೋ ಬಿಲ್ಲು ಹೊರಬರುತ್ತದೆ. ನಿಮ್ಮ ಮನೆಯ ವೈಫೈ ಪಾಸ್‌ವರ್ಡ್ ಏನೆಂದು ಅವರು ಯಾವತ್ತೂ ಕೇಳಿದವರಲ್ಲ. ಅಥಣಿ ಬಸ್ಸಿನ ಕಂಡಕ್ಟರ್ ಊರು ದಾಟಿದ ಮೇಲೆ ಟಿಕೆಟ್ ಹರಿದು ಕೊಡುವಾಗಲೂ ಟವರ್ ಇದೆಯೇ ಎಂದು ಆಕಾಶ ನೋಡುವುದಿಲ್ಲ. ಆದರೂ ಮೊದಲ ಸಲ ಟ್ಯಾಬ್ಲೆಟ್ ಹಿಡಿದು ಹೊಲಕ್ಕೆ ಹೊರಟ ಹುಡುಗರು ಕೇಳುವ ಮೊದಲ ಪ್ರಶ್ನೆ ಒಂದೇ: "ಸರ, ಅಲ್ಲಿ ನೆಟ್ ಇಲ್ರೀ, ಪ್ರಿಂಟ್ ಹೆಂಗ ಬರ್ತದ?"

ಈ ಬರಹ ಅವರಿಗಾಗಿ. ಮಂಗಸೂಳಿ, ಉಗಾರ, ಐನಾಪುರ, ಕಾಗವಾಡದ ಸುತ್ತ ಹೊಲದಲ್ಲೇ ಕಾಗದ ಕೊಡಬೇಕಾದ ಕೆಲಸಗಳಿಗೆ ಕೊರತೆಯಿಲ್ಲ. ಕಬ್ಬಿನ ನೋಂದಣಿ ಬರೆದುಕೊಳ್ಳುವವರಿದ್ದಾರೆ, ಕಟಾವಿನ ಚೀಟಿ ಕೊಡುವವರಿದ್ದಾರೆ. ಹಾಲಿನ ಸಂಘ, ಏತ ನೀರಾವರಿ ಸಂಘದ ವಸೂಲಿ, ಜಾತ್ರೆಯ ದೇಣಿಗೆ ಕೌಂಟರು, ಎಲ್ಲ ಕಡೆಯೂ ಪಾವತಿ, ಎಂದರೆ ರಸೀದಿ, ಬೇಕು. ಇಲ್ಲಿನ ಎಷ್ಟೋ ಮನೆತನಗಳು ಊರೊಳಗಲ್ಲ, ತೋಟದಲ್ಲೇ ಇವೆ. ಎತ್ತರದ ಕಬ್ಬಿನ ನಡುವೆ ನಿಂತರೆ ಸಿಗ್ನಲ್ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಗಡಿಯ ಊರಾದ್ದರಿಂದ ಮೊಬೈಲು ಮಹಾರಾಷ್ಟ್ರದ ಟವರಿಗೂ ಹಾರುತ್ತದೆ. ಇಷ್ಟೆಲ್ಲ ಇದ್ದರೂ ಪ್ರಿಂಟ್ ತೆಗೆಯುವುದಕ್ಕೆ ಇದು ಅಡ್ಡಿಯೇ ಅಲ್ಲ. ಏಕೆಂದರೆ ವೈಫೈ ಬೇರೆ, ಇಂಟರ್ನೆಟ್ ಬೇರೆ.

ಇದೊಂದು ಮಾತು ಮನಸ್ಸಿಗೆ ಇಳಿದರೆ ಉಳಿದದ್ದೆಲ್ಲ ಸುಲಭ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ. ನಿಮ್ಮ ಬಾವಿಯಿಂದ ಹೊಲಕ್ಕೆ ಹಾಕಿದ ಪೈಪು ಒಂದು, ಕೃಷ್ಣಾ ನದಿಯಿಂದ ಬರುವ ಪೈಪ್‌ಲೈನ್ ಇನ್ನೊಂದು. ನದಿಯ ಲೈನ್ ಒಡೆದ ದಿನವೂ ಬಾವಿಯ ನೀರು ಹೊಲಕ್ಕೆ ಹರಿಯುತ್ತದೆ. ಟ್ಯಾಬ್ಲೆಟ್ಟಿಗೂ ಪ್ರಿಂಟರಿಗೂ ನಡುವೆ ಇರುವ ವೈಫೈ ಬಾವಿಯ ಪೈಪು. ಕೆಲವು ಅಡಿಗಳ ದೂರಕ್ಕೆ ರೇಡಿಯೋ ಅಲೆಯ ಮೂಲಕ ಮಾಹಿತಿ ದಾಟಿಸುವುದಷ್ಟೇ ಅದರ ಕೆಲಸ. 1997ರಲ್ಲಿ ವೈಫೈಗೆ ಮೊದಲ ಮಾನಕ ಬಂದಾಗಲೂ ಅದರ ಕೆಲಸ ಇದೇ ಆಗಿತ್ತು: ಹತ್ತಿರದ ಯಂತ್ರಗಳನ್ನು ತಂತಿಯಿಲ್ಲದೆ ಜೋಡಿಸುವುದು. ಇಂಟರ್ನೆಟ್ ಆ ದಾರಿಯಲ್ಲಿ ಹರಿಯಬಹುದು, ಹರಿಯದೆಯೂ ಇರಬಹುದು. ಮನೆಯಲ್ಲಿ ಎರಡೂ ಒಂದೇ ಡಬ್ಬಿಯಿಂದ ಬರುವುದರಿಂದ ಎರಡೂ ಒಂದೇ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ.

ಹೊಲದಲ್ಲಿ ಈ ಜೋಡಣೆಗೆ ನಾಲ್ಕು ದಾರಿಗಳಿವೆ. ತಂತಿಯ ದಾರಿಯನ್ನು ಮೊದಲು ಹೇಳಿ ಮುಗಿಸುತ್ತೇನೆ. ಟ್ಯಾಬ್ಲೆಟ್ಟಿನ ಚಾರ್ಜಿಂಗ್ ತೂತಿಗೆ ಒಟಿಜಿ ಎಂಬ ಚಿಕ್ಕ ತುಂಡು ಹಾಕಿ, ಅದಕ್ಕೆ ಯುಎಸ್‌ಬಿ ಕೇಬಲ್ಲಿನಿಂದ ಪ್ರಿಂಟರ್ ಜೋಡಿಸುವುದು. ಬೇರೆಲ್ಲ ಕೈಕೊಟ್ಟ ದಿನ ಇದು ಕಾಪಾಡುತ್ತದೆ. ಚೀಲದಲ್ಲಿ ಒಂದು ಕೇಬಲ್ ಇರಲಿ.

ಹೊಲದ ಕೆಲಸಕ್ಕೆ ನಾನು ಮೊದಲ ಸ್ಥಾನ ಕೊಡುವುದು ಎರಡನೆಯದಾದ ಬ್ಲೂಟೂತ್ ದಾರಿಗೆ. ಅಂಗೈಯಗಲದ ಥರ್ಮಲ್ ಪ್ರಿಂಟರ್, ಒಳಗೆ ಬ್ಯಾಟರಿ, 58 ಮಿಲಿಮೀಟರ್ ಅಗಲದ ಕಾಗದದ ಸುರುಳಿ. ಸುಮಾರು ಹತ್ತು ಮೀಟರಿನೊಳಗೆ ಟ್ಯಾಬ್ಲೆಟ್ ಇದ್ದರೆ ಸಾಕು. ಪ್ರಿಂಟರ್ ಆನ್ ಮಾಡಿ. ಟ್ಯಾಬ್ಲೆಟ್ಟಿನ ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ತೆರೆದು ಹುಡುಕಿ, ಅದರ ಹೆಸರು ಒತ್ತಿ. ಪಿನ್ ಕೇಳಿದರೆ ಬಹುತೇಕ ಪ್ರಿಂಟರುಗಳಲ್ಲಿ 0000 ಅಥವಾ 1234 ನಡೆಯುತ್ತದೆ. ಪ್ರಿಂಟರಿನ ಹೆಸರೇ ಕಾಣಿಸದಿದ್ದರೆ ಟ್ಯಾಬ್ಲೆಟ್ಟಿನ ಲೊಕೇಶನ್ ಆನ್ ಇದೆಯೇ ನೋಡಿ. ಹಲವು ಆಂಡ್ರಾಯ್ಡ್ ಆವೃತ್ತಿಗಳಲ್ಲಿ ಆ್ಯಪ್‌ಗಳು ಸುತ್ತಲಿನ ಯಂತ್ರಗಳನ್ನು ಹುಡುಕಬೇಕಾದರೆ ಲೊಕೇಶನ್ ತೆರೆದಿರಲೇಬೇಕು.

ಹೊಸಬರು ಎರಡು ಕಡೆ ಗಾಬರಿಯಾಗುತ್ತಾರೆ. ಮೊದಲನೆಯದು, ಜೋಡಿಯಾದ ಮೇಲೂ ಪಟ್ಟಿಯಲ್ಲಿ 'ಜೋಡಿಯಾಗಿದೆ' ಎಂದಷ್ಟೇ ಇರುತ್ತದೆ, 'ಸಂಪರ್ಕಗೊಂಡಿದೆ' ಎಂದು ಬರುವುದಿಲ್ಲ. ಇದು ದೋಷವಲ್ಲ. ಈ ಪ್ರಿಂಟರುಗಳು ಪ್ರಿಂಟ್ ಮಾಡುವ ಕೆಲಸ ಬಂದ ಗಳಿಗೆಯಲ್ಲಿ ಮಾತ್ರ ಸಂಪರ್ಕಕ್ಕೆ ಬಂದು, ಮುಗಿದ ಮೇಲೆ ಬಿಡುತ್ತವೆ. ಎರಡನೆಯದು ಇನ್ನೂ ತೊಡಕಿನದು. ಬ್ಲೂಟೂತ್ ಜೋಡಿ ಆಗಿರುತ್ತದೆ, ಆದರೆ ಯಾವುದೋ ಪಿಡಿಎಫ್ ತೆರೆದು 'ಪ್ರಿಂಟ್' ಒತ್ತಿದರೆ ಪಟ್ಟಿಯಲ್ಲಿ ಆ ಪ್ರಿಂಟರೇ ಇರುವುದಿಲ್ಲ. ಆಂಡ್ರಾಯ್ಡ್‌ನ ಮುದ್ರಣ ವ್ಯವಸ್ಥೆ 2013ರಲ್ಲಿ 4.4ನೇ ಆವೃತ್ತಿಯೊಂದಿಗೆ ಬಂದದ್ದು. ಅದು ತಾನಾಗಿ ಹುಡುಕುವುದು ವೈಫೈ ದಾರಿಯ ಪ್ರಿಂಟರುಗಳನ್ನು. ಬ್ಲೂಟೂತಿನ ಚೀಟಿ ಪ್ರಿಂಟರಿಗೆ ನಿಮ್ಮ ಪಾವತಿ ಆ್ಯಪ್ ತಾನೇ ನೇರವಾಗಿ ಕಳಿಸಬೇಕು, ಇಲ್ಲವೆ ನಡುವೆ ಸೇತುವೆಯಾಗಿ ರಾಬಿಟಿಯಂಥ ಇನ್ನೊಂದು ಆ್ಯಪ್ ಇರಬೇಕು. ಅದನ್ನು ಊರಲ್ಲಿ ನೆಟ್ ಇರುವಾಗಲೇ ಹಾಕಿಟ್ಟುಕೊಳ್ಳಿ. ಐಪ್ಯಾಡ್ ಹಿಡಿದವರು ಪ್ರಿಂಟರ್ ಕೊಳ್ಳುವ ಮೊದಲೇ ಅದು ಐಪ್ಯಾಡಿಗೆ ಹೊಂದುತ್ತದೆಯೇ ಎಂದು ಕೇಳಬೇಕು. ಅಗ್ಗದ ಬ್ಲೂಟೂತ್ ಪ್ರಿಂಟರುಗಳಲ್ಲಿ ಅನೇಕವು ಆಂಡ್ರಾಯ್ಡ್‌ಗೆ ಒಗ್ಗುತ್ತವೆ, ಐಪ್ಯಾಡಿಗೆ ಒಗ್ಗುವುದಿಲ್ಲ.

ಮೂರನೆಯ ದಾರಿ ಪ್ರಿಂಟರಿನದೇ ವೈಫೈ. ಎ4 ಹಾಳೆಯಲ್ಲಿ ಕರಾರುಪತ್ರವನ್ನೋ ಸರ್ವೆ ನಕ್ಷೆಯನ್ನೋ ಕೊಡಬೇಕಾದಾಗ ಇದು ಬೇಕಾಗುತ್ತದೆ. ವೈಫೈ ಡೈರೆಕ್ಟ್ ಇರುವ ಪ್ರಿಂಟರ್ ಆನ್ ಆದೊಡನೆ 'ಡೈರೆಕ್ಟ್' ಎಂಬ ಮೊದಲ ಪದವಿರುವ ಒಂದು ವೈಫೈ ಹೆಸರನ್ನು ತಾನೇ ಹರಡುತ್ತದೆ. ಅದರ ಪಾಸ್‌ವರ್ಡ್ ಪ್ರಿಂಟರಿನ ಪರದೆಯ ಮೇಲೋ ಅದು ಮುದ್ರಿಸುವ ಮಾಹಿತಿ ಹಾಳೆಯಲ್ಲೋ ಸಿಗುತ್ತದೆ. ಟ್ಯಾಬ್ಲೆಟ್ ಅದಕ್ಕೆ ಸೇರಿದ ಕೂಡಲೇ ಒಂದು ಎಚ್ಚರಿಕೆ ಬರುತ್ತದೆ: ಈ ವೈಫೈಯಲ್ಲಿ ಇಂಟರ್ನೆಟ್ ಇಲ್ಲ, ಆದರೂ ಸಂಪರ್ಕದಲ್ಲಿ ಇರಬೇಕೇ? ಇಲ್ಲಿ 'ಹೌದು' ಒತ್ತಿ. ಹೊಸಬರು ಹೆದರಿ 'ಬೇಡ' ಒತ್ತುತ್ತಾರೆ, ಟ್ಯಾಬ್ಲೆಟ್ ಪ್ರಿಂಟರನ್ನು ಬಿಟ್ಟು ದೂರದ ಟವರಿಗೆ ಹೋಗುತ್ತದೆ, ಆಮೇಲೆ ಪ್ರಿಂಟರ್ ಸಿಗುತ್ತಿಲ್ಲ ಎಂಬ ದೂರು. ನಮಗೆ ಬೇಕಾದದ್ದು ಇಂಟರ್ನೆಟ್ ಅಲ್ಲ, ಎದುರಿಗಿರುವ ಪ್ರಿಂಟರು. ಕೆಲವು ಟ್ಯಾಬ್ಲೆಟ್ಟುಗಳು ಕೇಳದೆಯೇ ಮೊಬೈಲ್ ಡೇಟಾಕ್ಕೆ ಹಾರಿಬಿಡುತ್ತವೆ. ಅಂಥವುಗಳಲ್ಲಿ ಪ್ರಿಂಟ್ ಮುಗಿಯುವವರೆಗೆ ಮೊಬೈಲ್ ಡೇಟಾ ಆಫ್ ಮಾಡಿಡಿ.

ನಾಲ್ಕನೆಯದು, ನಾಲ್ಕೈದು ಟ್ಯಾಬ್ಲೆಟ್ಟುಗಳಿಗೆ ಒಂದೇ ಪ್ರಿಂಟರ್ ಇರುವಾಗ. ಪವರ್ ಬ್ಯಾಂಕಿನಿಂದ ನಡೆಯುವ ಚಿಕ್ಕ ರೂಟರ್ ಒಂದನ್ನು ಮೇಜಿನ ಕೆಳಗಿಡಿ. ಸಿಮ್ ಬೇಡ, ಇಂಟರ್ನೆಟ್ ಕೇಬಲ್ ಬೇಡ. ಪ್ರಿಂಟರನ್ನೂ ಎಲ್ಲ ಟ್ಯಾಬ್ಲೆಟ್ಟುಗಳನ್ನೂ ಅದಕ್ಕೇ ಸೇರಿಸಿ. ಮಂಗಸೂಳಿಯ ಮಲ್ಲಯ್ಯನ, ಎಂದರೆ ಖಂಡೋಬನ ಜಾತ್ರೆಯಂಥ ಕಡೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಕಾಣದು. ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯಿಂದ ಭಕ್ತರು ಸೇರಿದ ದಿನ ಟವರ್ ಇದ್ದರೂ ಡೇಟಾ ಅಲುಗಾಡುವುದಿಲ್ಲ. ಒಂದೇ ಟವರಿಗೆ ಸಾವಿರಾರು ಮೊಬೈಲು ಜೋತುಬಿದ್ದಿರುತ್ತವೆ. ರೂಟರಿನ ಸುತ್ತಲಿನ ವೈಫೈಗೂ ಆ ಟವರಿನ ಗದ್ದಲಕ್ಕೂ ಸಂಬಂಧವೇ ಇಲ್ಲ, ಪಾವತಿ ಹೊರಡುತ್ತಲೇ ಇರುತ್ತದೆ. ರೂಟರ್ ಇಲ್ಲದಿದ್ದರೆ ಒಂದು ಮೊಬೈಲಿನ ಹಾಟ್‌ಸ್ಪಾಟ್ ಕೂಡ ಆಗುತ್ತದೆ, ಅದರಲ್ಲಿ ಡೇಟಾ ಬಾಕಿ ಇಲ್ಲದಿದ್ದರೂ ಸರಿ. ಹಾಟ್‌ಸ್ಪಾಟಿನ ಸೆಟ್ಟಿಂಗ್‌ನಲ್ಲಿ 2.4 ಗಿಗಾಹರ್ಟ್ಸ್ ಆರಿಸಿ. ಎಷ್ಟೋ ಪ್ರಿಂಟರುಗಳಿಗೆ 5 ಗಿಗಾಹರ್ಟ್ಸ್ ಅಲೆ ಕಾಣಿಸುವುದೇ ಇಲ್ಲ.

ಹೊರಡುವ ಹಿಂದಿನ ಸಂಜೆ ಒಂದು ಪರೀಕ್ಷೆ ತಪ್ಪದೆ ಮಾಡಿ. ಟ್ಯಾಬ್ಲೆಟ್ಟನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಆಮೇಲೆ ಬ್ಲೂಟೂತನ್ನೋ ವೈಫೈಯನ್ನೋ ಮಾತ್ರ ಆನ್ ಮಾಡಿ, ಮೊದಲ ಪುಟದಿಂದ ಕೊನೆಯ ಪಾವತಿಯವರೆಗೆ ಪೂರ್ತಿ ಕೆಲಸ ನಡೆಸಿ ನೋಡಿ. ಎಲ್ಲಿ ಇಂಟರ್ನೆಟ್ ಬೇಕಾಗುತ್ತದೋ ಅಲ್ಲಿ ಆ್ಯಪ್ ನಿಂತುಬಿಡುತ್ತದೆ. ಕೆಲವಕ್ಕೆ ಲಾಗಿನ್ನಿಗೆ ಬೇಕು, ಕೆಲವಕ್ಕೆ ರೈತರ ಪಟ್ಟಿ ಇಳಿಸಿಕೊಳ್ಳಲು. ಇನ್ನು ಕೆಲವು, ಪ್ರಿಂಟ್ ಮಾಡಬೇಕಾದ ಹಾಳೆಯನ್ನೇ ದೂರದ ಸರ್ವರಿಗೆ ಕಳಿಸಿ ಅಲ್ಲಿಂದ ಪ್ರಿಂಟರಿಗೆ ತರಿಸುತ್ತವೆ. ಕ್ಲೌಡ್ ಪ್ರಿಂಟ್ ಎನ್ನುವುದು ಇದನ್ನೇ. ಗೂಗಲ್ ತನ್ನ ಕ್ಲೌಡ್ ಪ್ರಿಂಟ್ ಸೇವೆಯನ್ನು 2020ರ ಡಿಸೆಂಬರ್ 31ಕ್ಕೆ ಮುಚ್ಚಿತು, ಆದರೆ ಅದೇ ಬಗೆಯ ಬೇರೆ ಸೇವೆಗಳಿವೆ. ಹೊಲಕ್ಕೆ ಅಂಥದ್ದು ಬೇಡವೇ ಬೇಡ.

ಈಗ ನನಗೆ ಬಹಳ ಮುಖ್ಯವೆನಿಸುವ ಸಂಗತಿ: ಪಾವತಿ ಕನ್ನಡದಲ್ಲಿ ಇರಬೇಕು. ರೈತರು ಅಲ್ಲೇ, ನಿಮ್ಮೆದುರೇ ಓದಿ ತಪ್ಪಿದ್ದರೆ ಹೇಳುವಂತಿರಬೇಕು. ಸರ್ವೆ ನಂಬರ್ ತಪ್ಪಾಗಿದೆ, ತಂದೆಯ ಹೆಸರು ತಪ್ಪಾಗಿದೆ ಎಂಬುದು ಹೊಲದಲ್ಲೇ ಗೊತ್ತಾದರೆ ಎರಡು ನಿಮಿಷದಲ್ಲಿ ಸರಿಹೋಗುತ್ತದೆ. ಕಚೇರಿಯಲ್ಲಿ ಗೊತ್ತಾದರೆ ಅದೇ ತಪ್ಪಿಗೆ ಅವರು ದಿನದ ಕೆಲಸ ಬಿಟ್ಟು ಅಲೆಯಬೇಕು. ಆದರೆ ಚೀಟಿ ಪ್ರಿಂಟರಿಗೆ ಕನ್ನಡ ಅಕ್ಷರ ನೇರವಾಗಿ ಕಳಿಸಿದರೆ ಚೌಕಗಳೋ ಪ್ರಶ್ನಾರ್ಥಕ ಚಿಹ್ನೆಗಳೋ ಬರುತ್ತವೆ. ಎಷ್ಟೋ ಸಲ ಚೀನೀ ಲಿಪಿಯೇ ಬಂದುಬಿಡುತ್ತದೆ. ಈ ಪ್ರಿಂಟರುಗಳ ಒಳಗೆ ಇಂಗ್ಲಿಷ್ ಅಕ್ಷರಗಳಿವೆ, ಹಲವದರಲ್ಲಿ ಚೀನೀ ಅಕ್ಷರಗಳೂ ಇವೆ, ಕನ್ನಡ ಸಾಮಾನ್ಯವಾಗಿ ಇರುವುದಿಲ್ಲ. ಪ್ರಿಂಟರ್ ಕೆಟ್ಟಿದೆ ಎಂದು ಅಂಗಡಿಗೆ ಒಯ್ಯಬೇಡಿ. ಪರಿಹಾರ ಆ್ಯಪ್‌ನಲ್ಲಿದೆ: ಟ್ಯಾಬ್ಲೆಟ್ ತಾನೇ ಕನ್ನಡ ಬರೆದು, ಇಡೀ ಪಾವತಿಯನ್ನು ಒಂದು ಚಿತ್ರವಾಗಿ ಕಳಿಸಬೇಕು. ಪ್ರಿಂಟರಿಗೆ ಅದು ಬರೀ ಕಪ್ಪು ಚುಕ್ಕೆಗಳ ಸಾಲು. ಯಾವ ಲಿಪಿಯೆಂದು ಅದಕ್ಕೆ ತಿಳಿಯಬೇಕಿಲ್ಲ, ಬೇಕಾದರೆ ಮರಾಠಿಯಲ್ಲೂ ಒಂದು ಸಾಲು ಸೇರಿಸಬಹುದು.

58 ಮಿಲಿಮೀಟರ್ ಕಾಗದದಲ್ಲಿ ಅಚ್ಚಾಗುವ ಅಗಲ 48 ಮಿಲಿಮೀಟರ್, ಮಿಲಿಮೀಟರಿಗೆ 8 ಚುಕ್ಕೆಯಂತೆ ಒಂದು ಸಾಲಿಗೆ 384 ಚುಕ್ಕೆ. ಚಿತ್ರದ ಅಗಲ ಅಷ್ಟೇ ಇರಲಿ, ಹೆಚ್ಚಾದರೆ ಬಲಗಡೆಯ ಅಂಕಿಗಳು ಕತ್ತರಿಸಿಹೋಗುತ್ತವೆ. ಪಾವತಿಯಲ್ಲಿ ಬಲಗಡೆ ಇರುವುದೇ ಹಣ ಮತ್ತು ತೂಕ ಎಂಬುದು ನೆನಪಿರಲಿ. ಅಕ್ಷರ ತೀರ ಸಣ್ಣದು ಬೇಡ. 'ಮಹಾರಾಷ್ಟ್ರ' ಎಂದು ಬರೆದಾಗ ಒತ್ತಕ್ಷರದ ಕೆಳಗೊಂದು ಒತ್ತಕ್ಷರ ಬರುತ್ತದೆ, ಅದು ಮಸಿಯ ಚುಕ್ಕೆಯಾಗದೆ ಬಿಡಿಯಾಗಿ ಕಾಣುವಷ್ಟು ಎತ್ತರ ಬೇಕು. ಚಿತ್ರವಾಗಿ ಹೋಗುವ ಪಾವತಿ ಸ್ವಲ್ಪ ನಿಧಾನ, ಬ್ಯಾಟರಿಯೂ ಹೆಚ್ಚು ಬೇಕು. ಕೊಡೋಣ, ಓದಲು ಬರುವ ಕಾಗದಕ್ಕೆ ಆ ಬೆಲೆ ದೊಡ್ಡದಲ್ಲ.

ಥರ್ಮಲ್ ಪ್ರಿಂಟರಿಗೆ ಶಾಯಿ ಇಲ್ಲ. ಕಾಗದದ ಒಂದು ಮೈಗೆ ಬಿಸಿ ತಾಗಿದರೆ ಕಪ್ಪಾಗುವ ಲೇಪ ಇರುತ್ತದೆ, ಪ್ರಿಂಟರಿನ ಹೆಡ್ ಆ ಚುಕ್ಕೆಗಳಷ್ಟನ್ನೇ ಬಿಸಿ ಮಾಡುತ್ತದೆ. ಆದ್ದರಿಂದ ಯಂತ್ರ ಓಡಿಯೂ ಕಾಗದ ಬೆಳ್ಳಗೆ ಹೊರಬಂದರೆ ಸುರುಳಿ ಮಗುಚಿ ಹಾಕಿದ್ದೀರಿ ಎಂದು ತಿಳಿಯಿರಿ. ಉಗುರಿನಿಂದ ಗೀರಿ ನೋಡಿ, ಕಪ್ಪು ಗೆರೆ ಮೂಡುವ ಮೈ ಹೆಡ್ಡಿನ ಕಡೆಗಿರಬೇಕು. ಎಲ್ಲ ಸರಿಯಿದ್ದೂ ಮಸುಕಾಗಿ ಬಂದರೆ ಮೊದಲು ಬ್ಯಾಟರಿ ನೋಡಿ, ಆಮೇಲೆ ಹೆಡ್ಡಿಗೆ ಅಂಟಿದ ಧೂಳು. ಎರೆ ಮಣ್ಣಿನ ಧೂಳು, ಜಾತ್ರೆಯಲ್ಲಾದರೆ ತೂರಿದ ಭಂಡಾರದ ಅರಿಶಿನ, ಎರಡೂ ನಯವಾದ ಪುಡಿ, ಎರಡೂ ಒಳಗೆ ಸೇರುತ್ತವೆ. ಆಫ್ ಮಾಡಿ, ಆರಲು ಬಿಟ್ಟು, ಐಸೊಪ್ರೊಪೈಲ್ ಆಲ್ಕೊಹಾಲ್ ತೇವಿಸಿದ ಹತ್ತಿಯಿಂದ ಮೆಲ್ಲಗೆ ಒರೆಸಿ. ಚಾಕು, ಪಿನ್ನು ತಾಗಿಸಬಾರದು. ಟ್ಯಾಬ್ಲೆಟ್ಟಿನದೋ ಪ್ರಿಂಟರಿನದೋ ತೊಂದರೆ ಎಂದು ತಿಳಿಯದಾದಾಗ ಪ್ರಿಂಟರನ್ನು ಆಫ್ ಮಾಡಿ, ಕಾಗದ ಸರಿಸುವ ಗುಂಡಿ ಒತ್ತಿ ಹಿಡಿದೇ ಆನ್ ಮಾಡಿ. ಬಹಳಷ್ಟು ಮಾದರಿಗಳು ತಾವಾಗಿ ಒಂದು ಪರೀಕ್ಷಾ ಚೀಟಿ ಕೊಡುತ್ತವೆ. ಅದು ಚೆನ್ನಾಗಿ ಬಂದರೆ ಪ್ರಿಂಟರ್ ಆರೋಗ್ಯವಾಗಿದೆ, ಹುಡುಕಬೇಕಾದದ್ದು ಟ್ಯಾಬ್ಲೆಟ್ ಕಡೆ.

ನೆಟ್ ಇಲ್ಲದ ಕಡೆ ಇನ್ನೊಂದು ಎಚ್ಚರ ಬೇಕು. ಎರಡು ಟ್ಯಾಬ್ಲೆಟ್ಟುಗಳು ಒಂದಕ್ಕೊಂದು ಅರಿಯದೆ ಒಂದೇ ಪಾವತಿ ನಂಬರನ್ನು ಇಬ್ಬರಿಗೆ ಕೊಟ್ಟುಬಿಡಬಹುದು. ಪ್ರತಿ ಟ್ಯಾಬ್ಲೆಟ್ಟಿಗೂ ಒಂದು ಅಕ್ಷರ ಗೊತ್ತುಮಾಡಿ, ನಂಬರಿನ ಮುಂದೆ ಅದು ಬರಲಿ. ಕಾಗದ ಸಿಕ್ಕಿಕೊಂಡು ಮತ್ತೆ ಪ್ರಿಂಟ್ ತೆಗೆದರೆ ಹಳೆಯ ನಂಬರೇ ಇರಬೇಕು, ಮೇಲೆ 'ನಕಲು' ಎಂದು ಬರಬೇಕು. ಸಂಜೆ ಸಿಗ್ನಲ್ ಸಿಕ್ಕ ಕೂಡಲೇ ದಿನದ ಲೆಕ್ಕ ಕಚೇರಿಗೆ ಕಳಿಸಿ. ಟ್ಯಾಬ್ಲೆಟ್ ಕಾಲುವೆಗೆ ಬಿದ್ದರೆ ಕಳಿಸದ ಲೆಕ್ಕವೂ ಅದರೊಂದಿಗೇ ಹೋಗುತ್ತದೆ.

ಪಾವತಿ ಕೈಗಿಡುವಾಗ ಅದನ್ನು ಇಟ್ಟುಕೊಳ್ಳುವ ಬಗೆಯನ್ನೂ ರೈತರಿಗೆ ಹೇಳಿ ಬನ್ನಿ. ಕಬ್ಬು ಸಾಗಿಸಿದ 14 ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಹಣ ಕೈಸೇರುವವರೆಗೂ ಆ ಚೀಟಿಯೇ ಅವರ ಸಾಕ್ಷಿ. ಥರ್ಮಲ್ ಅಕ್ಷರ ಬಿಸಿಲು, ಬೆವರು, ಎಣ್ಣೆಗೆ ಮಾಸುತ್ತದೆ. ಮೆತ್ತನೆಯ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೂ ಮಾಸುತ್ತದೆ. ಜೋಪಾನ ಮಾಡಲೆಂದು ಲ್ಯಾಮಿನೇಶನ್ನಿಗೆ ಕೊಟ್ಟರೆ ಆ ಬಿಸಿಗೆ ಇಡೀ ಚೀಟಿ ಕಪ್ಪಾಗಿ ಒಂದಕ್ಷರವೂ ಉಳಿಯುವುದಿಲ್ಲ. ಅದೇ ದಿನ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಲಿ, ಪೇಟೆಗೆ ಹೋದಾಗ ಒಂದು ಝೆರಾಕ್ಸ್ ಮಾಡಿಸಿ ಮೂಲದೊಂದಿಗೆ ಪಿನ್ ಹಚ್ಚಿ ಕಾಗದದ ಲಕೋಟೆಯಲ್ಲಿಡಲಿ. ಫೋಟೋ ತೆಗೆಯಲು ಬಾರದ ಹಿರಿಯರಿದ್ದರೆ ಅವರ ಮನೆಯವರ ಮೊಬೈಲಿನಲ್ಲಿ ನೀವೇ ತೆಗೆದುಕೊಟ್ಟು ಮುಂದಿನ ಹೊಲಕ್ಕೆ ಹೋಗಿ.