ಕೋರಿಕೆಗೆ ತಕ್ಕ ಉತ್ತರ: ಬ್ರೌಸರಿನಲ್ಲಿ ಉಲ್ಲೇಖ ಸಂಖ್ಯೆಯ ಮಹತ್ವ

ಕಚೇರಿಗಳಿಂದ ಬರುವ ಪತ್ರಗಳ ಮೇಲ್ಭಾಗದಲ್ಲಿ ‘ಉಲ್ಲೇಖ’ ಎಂಬ ಸಾಲೊಂದಿರುವುದನ್ನು ಓದುಗರು ಗಮನಿಸಿರಬಹುದು. ಅರ್ಜಿದಾರರ ಪತ್ರದ ಸಂಖ್ಯೆ ಮತ್ತು ದಿನಾಂಕಗಳನ್ನು ಅಲ್ಲಿ ನಮೂದಿಸಲಾಗಿರುತ್ತದೆ. ಮೂರು ಅರ್ಜಿಗಳನ್ನು ಕಳುಹಿಸಿದವರಿಗೆ ಮೂರನೆಯದರ ಉತ್ತರವೇ ಮೊದಲು ತಲುಪಿದರೂ ಗೊಂದಲವಾಗದಿರುವುದು ಈ ಸಾಲಿನಿಂದಲೇ. ಗಣಕಯಂತ್ರದ ಬ್ರೌಸರ್ ತಂತ್ರಾಂಶಕ್ಕೂ ಇಂತಹುದೇ ವ್ಯವಸ್ಥೆ ಅವಶ್ಯಕವಾಗಿದೆ.

ಅಸಮಕಾಲಿಕ ಕೋರಿಕೆ

ಆರಂಭದಲ್ಲಿ ಸಾಮಾನ್ಯವಾಗಿ ಸರ್ವರಿನಿಂದ ಉತ್ತರ ಬಂದೊಡನೆ ಇಡೀ ಪುಟವೇ ಬದಲಾಗುತ್ತಿತ್ತು. 1999ರಲ್ಲಿ ಬಿಡುಗಡೆಯಾದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ನೆಯ ಆವೃತ್ತಿಯಲ್ಲಿ, ಪುಟವನ್ನು ಬದಲಿಸದೆ ಹಿನ್ನೆಲೆಯಲ್ಲಿಯೇ ಕೋರಿಕೆ ಕಳುಹಿಸುವ ಸೌಲಭ್ಯ ದೊರೆಯಿತು. 2005ರಲ್ಲಿ ಈ ವಿಧಾನಕ್ಕೆ ‘ಏಜಾಕ್ಸ್’ ಎಂಬ ಹೆಸರು ಬಂದಿತು. ಒಂದರ ಉತ್ತರಕ್ಕೆ ಕಾಯದೆ ಮತ್ತೊಂದನ್ನು ಕಳುಹಿಸಬಹುದಾದುದರಿಂದ ಇವುಗಳನ್ನು ಅಸಮಕಾಲಿಕ ಕೋರಿಕೆಗಳೆನ್ನುತ್ತಾರೆ.

ತೊಡಕಿನ ಸ್ವರೂಪ

ಮುಂಬಯಿಯ ಪ್ರಯಾಣಿಕರೊಬ್ಬರು ಹುಬ್ಬಳ್ಳಿಯ ರೈಲಿನಲ್ಲಿ 10ನೆಯ ತಾರೀಖಿಗೆ ಆಸನಗಳಿವೆಯೇ ಎಂದು ವಿಚಾರಿಸಿ, ಕೂಡಲೇ ಮನಸ್ಸು ಬದಲಿಸಿ 12ನೆಯ ತಾರೀಖಿಗೆ ವಿಚಾರಿಸಿದರೆನ್ನೋಣ. ಜಾಲದಲ್ಲಿ ಎಲ್ಲ ಕೋರಿಕೆಗಳೂ ಒಂದೇ ವೇಗದಲ್ಲಿ ಸಾಗುವುದಿಲ್ಲ. 12ರ ಉತ್ತರ ಮೊದಲು ಬಂದು, 10ರ ಉತ್ತರ ತಡವಾಗಿ ಬಂದು ಅದರ ಮೇಲೆ ಕುಳಿತರೆ, ಪರದೆಯ ಮೇಲ್ಭಾಗದಲ್ಲಿ 12 ಎಂದಿದ್ದು ಕೆಳಗೆ 10ರ ಆಸನಗಳು ಕಾಣಿಸುತ್ತವೆ. ಎರಡು ಉತ್ತರಗಳೂ ಸತ್ಯವೇ; ತಪ್ಪಿರುವುದು ಜೋಡಣೆಯಲ್ಲಿ.

ಪರಿಹಾರ

ಪ್ರತಿಯೊಂದು ಕೋರಿಕೆಗೂ ಒಂದು ಸಂಖ್ಯೆಯನ್ನು ಕೊಟ್ಟು, ಬಾಕಿ ಪಟ್ಟಿಯಲ್ಲಿ ಬರೆದಿಡಬೇಕು. ಉತ್ತರ ಬಂದಾಗ ಅದರ ಸಂಖ್ಯೆಯನ್ನು ಪಟ್ಟಿಯೊಡನೆ ತಾಳೆ ನೋಡಿ, ಆ ನಮೂದನ್ನು ತೆಗೆದುಹಾಕಬೇಕು. ಕೊನೆಯ ಕೋರಿಕೆಯಷ್ಟೇ ಮುಖ್ಯವಾದಲ್ಲಿ ಹಳೆಯ ಸಂಖ್ಯೆಯ ಉತ್ತರವನ್ನು ಕೈಬಿಡಬೇಕು. ನಿಗದಿತ ಅವಧಿಯಲ್ಲಿ ಉತ್ತರ ಬಾರದಿದ್ದರೆ ಅದನ್ನು ಬಳಕೆದಾರರಿಗೆ ತಿಳಿಸಬೇಕು.

ಜಾಲದ ನಿಯಮಾವಳಿಯೂ ಇದೇ ಮಾರ್ಗವನ್ನು ಅನುಸರಿಸಿದೆ. ಎಚ್‌ಟಿಟಿಪಿ 1.1ರಲ್ಲಿ ಒಂದೇ ಸಂಪರ್ಕದ ಉತ್ತರಗಳು ಕೋರಿಕೆಗಳ ಕ್ರಮದಲ್ಲಿಯೇ ಬರಬೇಕಿತ್ತು. 2015ರ ಎಚ್‌ಟಿಟಿಪಿ 2ರಲ್ಲಿ ಪ್ರತಿ ಕೋರಿಕೆಯ ಪ್ರವಾಹಕ್ಕೂ ಸಂಖ್ಯೆಯುಂಟು. ಬ್ರೌಸರ್ ಆರಂಭಿಸುವ ಪ್ರವಾಹಗಳಿಗೆ ಬೆಸಸಂಖ್ಯೆಗಳು ಮೀಸಲು. ಆದುದರಿಂದ ಉತ್ತರಗಳು ಯಾವ ಕ್ರಮದಲ್ಲಿ ಬಂದರೂ ಬ್ರೌಸರ್ ಅವುಗಳನ್ನು ಗುರುತಿಸಬಲ್ಲದು. ಆದಾಗ್ಯೂ, ಬಂದ ಉತ್ತರವು ಇನ್ನೂ ಪ್ರಸ್ತುತವೇ ಎಂದು ನಿರ್ಣಯಿಸುವ ಹೊಣೆ ಪುಟದ ಕ್ರಮವಿಧಿಯನ್ನು ಬರೆದವರದೇ ಆಗಿರುತ್ತದೆ.

ಬಳಕೆದಾರರು ಗಮನಿಸಬೇಕಾದುದು

ಉತ್ತರ ಬಾರಲಿಲ್ಲವೆಂದರೆ ಕೋರಿಕೆ ತಲುಪಲಿಲ್ಲವೆಂದು ಅರ್ಥವಲ್ಲ. ಹಣ ಪಾವತಿಯಲ್ಲಿ ಈ ಮಾತು ಅತ್ಯಂತ ಮುಖ್ಯ. ಗುಂಡಿಯನ್ನು ಮತ್ತೊಮ್ಮೆ ಒತ್ತಿದಾಗ ಹೊಸ ಸಂಖ್ಯೆ ಹೋದರೆ, ಸರ್ವರ್ ಅದನ್ನು ಬೇರೊಂದು ಪಾವತಿಯೆಂದೇ ಎಣಿಸಬಹುದು. ಉತ್ತಮ ತಂತ್ರಾಂಶವು ಹಳೆಯ ಸಂಖ್ಯೆಯನ್ನೇ ಮರಳಿ ಕಳುಹಿಸುತ್ತದೆ. ಸರ್ವರ್ ಅದನ್ನು ಗುರುತಿಸಿ ಎರಡನೆಯ ಬಾರಿ ಹಣ ಕಡಿತಗೊಳಿಸದು. ಎಲ್ಲ ತಂತ್ರಾಂಶಗಳೂ ಹೀಗಿರುವುದಿಲ್ಲವಾದುದರಿಂದ, ಹಣ ತೆರುವ ಮುನ್ನ ದಿನಾಂಕ ಮತ್ತು ರೈಲಿನ ಸಂಖ್ಯೆಯನ್ನು ಮತ್ತೊಮ್ಮೆ ಓದುವುದೂ, ಉತ್ತರ ತಡವಾದಲ್ಲಿ ಬ್ಯಾಂಕಿನ ಖಾತೆಯನ್ನು ಪರಿಶೀಲಿಸಿದ ನಂತರವೇ ಮರುಪ್ರಯತ್ನಿಸುವುದೂ ಕ್ಷೇಮಕರ.