ಬಾಳೆ ಮೀನು ಕಳೆಯೇ? ಜಲಾಶಯದ ಮೀನುಗಳ ಮೂಲಕ ಆಹಾರ ಸರಪಳಿಯ ಬೋಧನೆ

ಪೀಠಿಕೆ

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ‘ನಮ್ಮ ಪರಿಸರ’ ಘಟಕಕ್ಕೆ ಬಂದಾಗ ನಾವು ಸಾಮಾನ್ಯವಾಗಿ ಹುಲ್ಲು, ಜಿಂಕೆ, ಹುಲಿ ಎಂದು ಕಪ್ಪುಹಲಗೆಯ ಮೇಲೆ ಬರೆದು ಬಾಣ ಎಳೆಯುತ್ತೇವೆ. ಮಕ್ಕಳೂ ಅದನ್ನೇ ನೋಟ್ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ. ರಾಗಿಗುಡ್ಡದ ಒಂದು ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸಕ್ಕೆ ಹೋದಾಗ ಈ ಘಟಕಕ್ಕೆ ನನಗೆ ನಾಲ್ಕು ಅವಧಿಗಳು ಸಿಕ್ಕವು. ಆ ಮಕ್ಕಳಲ್ಲಿ ಹುಲಿಯನ್ನು ಕಾಡಿನಲ್ಲಿ ಕಂಡವರು ಯಾರೂ ಇರಲಿಲ್ಲ. ಆದರೆ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಗಾಜನೂರಿನ ತುಂಗಾ ಜಲಾಶಯ ಎಲ್ಲರಿಗೂ ಗೊತ್ತು. ಸಕ್ರೆಬೈಲಿನ ಆನೆಗಳನ್ನು ನೋಡಲು ಹೋದವರೆಲ್ಲ ಅದರ ಹಿನ್ನೀರನ್ನು ಕಂಡಿದ್ದಾರೆ. ಲಕ್ಕವಳ್ಳಿಯ ಭದ್ರಾ ಜಲಾಶಯವನ್ನೂ ಹಲವರು ನೋಡಿದ್ದರು. ಆದ್ದರಿಂದ ಹುಲಿಯ ಜಾಗದಲ್ಲಿ ಬಾಳೆ ಮೀನನ್ನು ಇಟ್ಟು ಪಾಠಯೋಜನೆ ಮಾಡಿಕೊಂಡೆ.

ಈ ಬದಲಾವಣೆಗೆ ಇನ್ನೊಂದು ಕಾರಣವೂ ಇದೆ. ಹುಲಿ ಬೇಕೋ ಬೇಡವೋ ಎಂದು ಮಕ್ಕಳನ್ನು ಕೇಳಿದರೆ ‘ಬೇಕು’ ಎಂಬ ಉತ್ತರ ಬಾಯಿಪಾಠವಾಗಿ ಬರುತ್ತದೆ. ಬಾಳೆ ಮೀನಿನ ಬಗ್ಗೆ ಅಂಥ ಸಿದ್ಧ ಉತ್ತರವಿಲ್ಲ. ಮೀನು ಸಾಕಣೆಯ ಭಾಷೆಯಲ್ಲಿ ಸಣ್ಣ ಪರಿಗೆಯಂಥ ಬೆಲೆಯಿಲ್ಲದ ಮೀನುಗಳು ‘ಕಳೆ ಮೀನು’; ಬಾಳೆ, ಕೊರವ, ಅವಲುಗಳು ‘ಪರಭಕ್ಷಕ ಮೀನು’. ಕೊಳಕ್ಕೆ ಮರಿ ಬಿಡುವ ಮೊದಲು ಎರಡನ್ನೂ ತೆಗೆಯಬೇಕೆಂದು ಹೇಳುತ್ತಾರೆ. ಹಾಗಾದರೆ ಜಲಾಶಯದಿಂದಲೂ ತೆಗೆಯಬೇಕೇ? ನಾಲ್ಕೂ ಅವಧಿಗಳು ಈ ಒಂದು ಪ್ರಶ್ನೆಯ ಸುತ್ತ ನಡೆದವು.

ಶಿಕ್ಷಕರು ಮೊದಲು ತಿಳಿದಿರಬೇಕಾದ ವಿಷಯ

ನಮ್ಮ ಜಲಾಶಯಗಳಲ್ಲಿ ಬಿತ್ತನೆ ಮಾಡುವ ಮುಖ್ಯ ಮೀನುಗಳು ಕಾಟ್ಲಾ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ. ಮೊದಲ ಮೂರು ಉತ್ತರ ಭಾರತದ ಗಂಗಾ ಬಯಲಿನ ನದಿಗಳವು. ತುಂಗೆ, ಭದ್ರೆಯರಿಗೆ ಮನುಷ್ಯರು ತಂದು ಸೇರಿಸಿದ ನೆಂಟರು. ಅವು ಮಳೆಗಾಲದಲ್ಲಿ ಉಕ್ಕಿ ಹರಿಯುವ ನದಿಯಲ್ಲಿ ಮೊಟ್ಟೆ ಇಡುತ್ತವೆಯೇ ಹೊರತು ನಿಂತ ನೀರಿನ ಕೊಳದಲ್ಲಿ ತಾವಾಗಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸುವಲ್ಲಿ ಯಶಸ್ವಿಯಾದ ಮೇಲೆ ಮೀನುಮರಿಯ ಉತ್ಪಾದನೆ ನಮ್ಮ ಕೈಗೆ ಬಂತು. ಇಂದಿಗೂ ಆ ದಿನವನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ. ಭದ್ರಾ ಅಣೆಕಟ್ಟೆಯ ಕೆಳಗೆ ಬಿ.ಆರ್. ಪ್ರಾಜೆಕ್ಟ್‌ನಲ್ಲಿ ಮೀನುಗಾರಿಕೆ ಇಲಾಖೆಯ ಮೀನುಮರಿ ಉತ್ಪಾದನಾ ಕೇಂದ್ರವಿದೆ. ಹತ್ತನೆಯ ತರಗತಿಯ ಹಾರ್ಮೋನಿನ ಪಾಠಕ್ಕೂ ಇದು ಒಳ್ಳೆಯ ಕೊಂಡಿ.

ಇನ್ನು ಬಾಳೆ, ಕೊರವ, ಅವಲು, ಸುರಗಿ ಇವೆಲ್ಲ ಈ ನದಿಗಳ ಮೂಲ ನಿವಾಸಿಗಳು, ಬೇರೆ ಮೀನುಗಳನ್ನು ತಿನ್ನುವವು. ಬಾಳೆ ಮೀನಿಗೆ ಕಣ್ಣಿನಾಚೆಗೂ ಸೀಳಿದ ಬಾಯಿ, ಒಳಗೆ ಸಣ್ಣ ಹಲ್ಲುಗಳ ಸಾಲು, ಉದ್ದ ಮೀಸೆ. ಹೆಚ್ಚಾಗಿ ರಾತ್ರಿ ಬೇಟೆಯಾಡುತ್ತದೆ, ಒಂದು ಮೀಟರ್‌ಗಿಂತಲೂ ಉದ್ದ ಬೆಳೆಯಬಲ್ಲದು. ಒಂದು ಕಡೆ ತೆಗೆಯಬೇಕೆನ್ನುವ ಈ ಮೀನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅಳಿವಿನ ಅಪಾಯಕ್ಕೆ ಗುರಿಯಾಗಬಲ್ಲ ಜಾತಿಯೆಂದು ಸೇರಿದೆ.

ಮೊದಲ ಅವಧಿ: ಬಾಯಿ ನೋಡಿ ಊಟ ಹೇಳು

ಐದು ಮೀನುಗಳ ತಲೆಯ ಚಿತ್ರಗಳನ್ನು ದಪ್ಪ ಕಾಗದದ ಮೇಲೆ ಬಿಡಿಸಿ ಐದು ಗುಂಪುಗಳಿಗೆ ಕೊಟ್ಟೆ. ಹೆಸರು ಬರೆದಿರಲಿಲ್ಲ. ಪ್ರತಿ ಗುಂಪು ಮೂರು ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು: ಈ ಮೀನು ನೀರಿನ ಯಾವ ಮಟ್ಟದಲ್ಲಿ ತಿನ್ನುತ್ತದೆ? ಏನನ್ನು ತಿನ್ನುತ್ತದೆ? ಇದನ್ನು ಹಿಡಿಯಲು ಗಾಳಕ್ಕೆ ಯಾವ ಎರೆ ಹಾಕುತ್ತೀರಿ?

ಮೇಲಕ್ಕೆ ತೆರೆದ ದೊಡ್ಡ ಬಾಯಿಯ ಕಾಟ್ಲಾ ಮೇಲ್ನೀರಿನ ಪ್ರಾಣಿಪ್ಲವಕಗಳನ್ನು ಸೋಸಿ ತಿನ್ನುತ್ತದೆ. ಜಾಲರಿನಂಥ ತುಟಿಯ ರೋಹು ನಡುನೀರಿನದು. ಮೃಗಾಲ್ ತಳದ ಕೊಳೆತ ಪದಾರ್ಥ ತಿನ್ನುತ್ತದೆ. ಎರಡು ಜೊತೆ ಮೀಸೆಯ ಸಾಮಾನ್ಯ ಗೆಂಡೆ ಬಾಯಿಯನ್ನು ಮುಂದಕ್ಕೆ ಚಾಚಿ ಕೆಸರು ಕೆದಕುತ್ತದೆ. ಐದನೆಯದು ಬಾಳೆ. ಮೊದಲ ಎರಡು ಪ್ರಶ್ನೆಗಳಿಗೆ ತರಗತಿಯ ಮುಂದಿನ ಸಾಲು ಉತ್ತರಿಸಿತು. ಮೂರನೆಯ ಪ್ರಶ್ನೆಗೆ ಬಂದಾಗ ಹಿಂದಿನ ಬೆಂಚುಗಳು ಎಚ್ಚೆತ್ತವು. “ಗೆಂಡೆಗೆ ರಾಗಿ ಹಿಟ್ಟಿನ ಉಂಡೆ ಸಾಕು ಮಿಸ್, ತಳಕ್ಕೆ ಬಿಡ್ಬೇಕು”, “ಕೊರವಕ್ಕೆ ಹಿಟ್ಟು ಹಾಕಿದ್ರೆ ಮೂಸೂ ನೋಡಲ್ಲ, ಜೀವ ಇರೋ ಸಣ್ಣ ಮೀನು ಬೇಕು”, “ಬಾಳೆಗೆ ಕತ್ತಲಾಗ್ಬೇಕು” ಎಂಬ ಮಾತುಗಳು ಅಲ್ಲಿಂದ ಬಂದವು. ಎರೆಯ ಪಟ್ಟಿಯನ್ನು ಕಪ್ಪುಹಲಗೆಯ ಮೇಲೆ ಬರೆದಾಗ ಅದೇ ಪೋಷಣಾ ಸ್ತರಗಳ ಪಟ್ಟಿಯಾಗಿತ್ತು. ಹಿಟ್ಟಿಗೆ ಬರುವ ಮೀನು ಕೆಳಗಿನ ಸ್ತರಕ್ಕೆ ಹತ್ತಿರ. ಮೀನಿಗೆ ಬರುವ ಮೀನು ಮೇಲಿನ ಸ್ತರದ್ದು. ಪಾರಿಭಾಷಿಕ ಪದವನ್ನು ನಾನು ಆಮೇಲೆ ಕೊಟ್ಟೆ.

ಎರಡನೆಯ ಅವಧಿ: ಬಾಣದ ದಿಕ್ಕು ಮತ್ತು ಶೇಕಡಾ ಹತ್ತು

ಆಹಾರ ಸರಪಳಿಯಲ್ಲಿ ಮಕ್ಕಳು ಸಾಮಾನ್ಯವಾಗಿ ಎಡವುವುದು ಬಾಣದ ದಿಕ್ಕಿನಲ್ಲಿ. ‘ಬಾಳೆ ಪರಿಗೆಯನ್ನು ತಿನ್ನುತ್ತದೆ’ ಎಂಬ ವಾಕ್ಯದಲ್ಲಿ ಬಾಳೆ ಮೊದಲು ಬರುವುದರಿಂದ ಬಾಣವನ್ನೂ ಬಾಳೆಯಿಂದ ಪರಿಗೆಯ ಕಡೆಗೆ ಎಳೆಯುತ್ತಾರೆ. ಇಲ್ಲಿಯೂ ಬಹಳಷ್ಟು ಮಕ್ಕಳು ಹಾಗೆಯೇ ಎಳೆದರು. ಅದನ್ನು ಅಳಿಸಿ ಸರಿಯಾದದ್ದನ್ನು ಬರೆಯುವ ಬದಲು, ‘ಬಾಣವೆಂದರೆ ಊಟ ಹೋಗುವ ದಾರಿ, ಊಟ ಯಾರ ಹೊಟ್ಟೆಗೆ ಹೋಯಿತು?’ ಎಂದು ಕೇಳಿದೆ. ತಾವೇ ತಿದ್ದಿಕೊಂಡರು.

ನಂತರ ಎರಡು ಸರಪಳಿಗಳನ್ನು ಅಕ್ಕಪಕ್ಕ ಬರೆಸಿದೆ. ಒಂದು: ಸಸ್ಯಪ್ಲವಕ, ಪ್ರಾಣಿಪ್ಲವಕ, ಕಾಟ್ಲಾ. ಇನ್ನೊಂದು: ಸಸ್ಯಪ್ಲವಕ, ಪ್ರಾಣಿಪ್ಲವಕ, ಸಣ್ಣ ಮೀನು, ಬಾಳೆ. ಸಸ್ಯಪ್ಲವಕದಲ್ಲಿ 10,000 ಜೂಲ್ ಶಕ್ತಿ ಇದೆಯೆಂದು ಇಟ್ಟುಕೊಂಡರೆ ಕಾಟ್ಲಾಕ್ಕೆ 100 ಜೂಲ್ ತಲುಪುತ್ತದೆ, ಬಾಳೆಗೆ 10 ಮಾತ್ರ. ಶೇಕಡಾ ಹತ್ತು ಎಂಬುದು ಸರಾಸರಿ ಅಂದಾಜು, ಪ್ರತಿ ಮೀನಿಗೂ ಕರಾರುವಾಕ್ಕಾಗಿ ಅನ್ವಯಿಸುವ ಲೆಕ್ಕವಲ್ಲ ಎಂಬುದನ್ನು ಹೇಳಬೇಕು. ಆದರೂ ಜಲಾಶಯಕ್ಕೆ ಬಾಳೆಯ ಮರಿ ಬಿಡದೆ ಕಾಟ್ಲಾ ಮರಿ ಏಕೆ ಬಿಡುತ್ತಾರೆ ಎಂಬುದಕ್ಕೆ ಮಕ್ಕಳು ಇಲ್ಲೇ ಉತ್ತರ ಕಂಡುಕೊಂಡರು. ಸರಪಳಿ ಚಿಕ್ಕದಾದಷ್ಟೂ ನಮ್ಮ ತಟ್ಟೆಗೆ ಬರುವುದು ಹೆಚ್ಚು.

ಮೂರನೆಯ ಅವಧಿ: ತೆಗೆಯುವುದಾದರೆ ಹೇಗೆ?

ಎರಡನೆಯ ಅವಧಿಯ ಕೊನೆಗೆ ತರಗತಿಯ ತೀರ್ಪು ಸ್ಪಷ್ಟವಾಗಿತ್ತು: ಬಾಳೆ ನಷ್ಟದ ಬಾಬತ್ತು, ತೆಗೆಯಬೇಕು. ನಾನು ವಿರೋಧಿಸಲಿಲ್ಲ, ಲೆಕ್ಕ ಕೊಟ್ಟೆ. ಸಾಕಣೆ ಕೊಳದಲ್ಲಿ ಬೇಡದ ಮೀನುಗಳನ್ನು ಕೊಲ್ಲಲು ಹಿಪ್ಪೆ ಹಿಂಡಿ ಹಾಕುತ್ತಾರೆ. ಪ್ರಮಾಣ ಹೆಕ್ಟೇರಿಗೆ ಸುಮಾರು 2,500 ಕಿಲೋ. ಭದ್ರಾ ಜಲಾಶಯ 186 ಅಡಿ ತುಂಬಿದಾಗ ನೀರು ಹರಡುವುದು ಸುಮಾರು 11,250 ಹೆಕ್ಟೇರಿಗೆ. ಗುಣಿಸಿದಾಗ 28,125 ಟನ್ ಬಂತು. ಹತ್ತು ಟನ್ನಿನ ಲಾರಿಯಾದರೆ 2,800ಕ್ಕೂ ಹೆಚ್ಚು ಲಾರಿ. ಅದೂ ಆಳವಿಲ್ಲದ ಕೊಳದ ಪ್ರಮಾಣದಲ್ಲಿ. ಜಲಾಶಯದ ಆಳಕ್ಕೆ ಇನ್ನೂ ಬಹಳ ಬೇಕು. ಒಬ್ಬ ಹುಡುಗಿ ಎದ್ದು, “ಆ ನೀರನ್ನ ಕುಡಿಯೋರು ಯಾರು ಮಿಸ್? ಭದ್ರಾವತಿಯವ್ರು” ಎಂದಳು. ಹಿಂಡಿ ಹಾಕಿದರೆ ಬಾಳೆಯ ಜೊತೆಗೆ ಕಾಟ್ಲಾವೂ ಸಾಯುತ್ತದೆ ಎಂದು ಇನ್ನೊಂದು ಗುಂಪು ಸೇರಿಸಿತು. ಜಲಾಶಯದ ಒಂದು ಭಾಗ ಭದ್ರಾ ಅಭಯಾರಣ್ಯಕ್ಕೆ ಹೊಂದಿಕೊಂಡಿರುವುದನ್ನು ನಾನು ನೆನಪಿಸಿದೆ.

ಹಾಗಾದರೆ ಬಲೆ ಹಾಕಿ ದೊಡ್ಡ ಬಾಳೆಗಳನ್ನಷ್ಟೇ ಹಿಡಿದರೆ? ಇದಕ್ಕೆ ಹೊರಗಿನ ಎರಡು ಉದಾಹರಣೆಗಳನ್ನು ಕೊಟ್ಟೆ. ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದಲ್ಲಿ ಪೈಕ್ ಎಂಬ ಪರಭಕ್ಷಕ ಮೀನನ್ನು 1944ರ ಚಳಿಗಾಲದಿಂದ ಬಲೆ ಹಾಕಿ ತೆಗೆಯತೊಡಗಿದರು. ದೊಡ್ಡ ಪೈಕ್‌ಗಳು ಕಡಿಮೆಯಾದವು, ಎಳೆಯವುಗಳ ಪಾಲು ಹೆಚ್ಚಿತು. ದೊಡ್ಡ ಪೈಕ್ ತನ್ನ ಜಾತಿಯ ಮರಿಗಳನ್ನೂ ತಿನ್ನುವ ಮೀನು ಎಂದು ತಿಳಿಸಿ, ಹೀಗೇಕಾಗಿರಬಹುದು ಎಂದು ಯೋಚಿಸಲು ಬಿಟ್ಟೆ. ಅದೇ ದೇಶದ ಚ್ಯೂ ವ್ಯಾಲಿ ಜಲಾಶಯ 1956ರಲ್ಲಿ ಉದ್ಘಾಟನೆಯಾದದ್ದು. ಗಾಳದ ಹವ್ಯಾಸಿಗಳಿಗಾಗಿ ಅಲ್ಲಿ ಟ್ರೌಟ್ ಮೀನು ಬಿಡುತ್ತಾರೆ. ಪೈಕ್ ಬೇಡದ ಮೀನಾಗಿದ್ದ ಆ ನೀರಿಗೆ ಈಗ ದೊಡ್ಡ ಪೈಕ್ ಹಿಡಿಯಲೆಂದೇ ಜನ ಬರುತ್ತಾರೆ. ಹಾಗೆ ಬಿಡುವ ಟ್ರೌಟ್‌ಗಳಲ್ಲಿ ಮಳೆಬಿಲ್ಲು ಟ್ರೌಟ್ ಅಮೆರಿಕದಿಂದ ಬಂದದ್ದು, ಪೈಕ್ ಆ ನಾಡಿನದೇ. ಹೋಲಿಕೆಯನ್ನು ನಾನು ಹೇಳಬೇಕಾಗಲಿಲ್ಲ. “ನಮ್ಮಲ್ಲೂ ಕಾಟ್ಲಾನೇ ಹೊರಗಿಂದು” ಎಂದು ಮಕ್ಕಳೇ ಹೇಳಿದರು.

ನಾಲ್ಕನೆಯ ಅವಧಿ: ನಾಲ್ಕು ಮನೆಗಳ ಪಟ್ಟಿ

‘ಒಳ್ಳೆಯ ಮೀನು, ಕೆಟ್ಟ ಮೀನು’ ಎಂಬ ಎರಡು ಕಂಬಸಾಲಿನ ಬದಲಿಗೆ ನಾಲ್ಕು ಮನೆಗಳ ಚೌಕ ಬರೆಸಿದೆ: ಇಲ್ಲಿನದು, ಹೊರಗಿನದು, ಮೀನು ತಿನ್ನುವುದು, ಮುಖ್ಯವಾಗಿ ಬೇರೆ ಆಹಾರ ತಿನ್ನುವುದು. ಬಾಳೆ ಒಂದು ಮನೆಗೆ, ಕಾಟ್ಲಾ ಅದಕ್ಕೆ ಎದುರು ಮನೆಗೆ ಹೋಯಿತು. ಪರಿಗೆ ಮೂರನೆಯದಕ್ಕೆ. ಆಫ್ರಿಕನ್ ಕ್ಯಾಟ್‌ಫಿಶ್ ಹೊರಗಿನದೂ ಹೌದು, ಮೀನು ತಿನ್ನುವುದೂ ಹೌದು. ಅದರ ಸಾಕಣೆಗೆ ನಮ್ಮ ದೇಶದಲ್ಲಿ ನಿಷೇಧವಿದೆ. ಪರಭಕ್ಷಕಗಳೆಲ್ಲ ಒಂದೇ ಅಲ್ಲ ಎಂಬುದು ಇಲ್ಲಿ ಕಣ್ಣಿಗೆ ಕಾಣಿಸಿತು. ಜಿಲೇಬಿ ಮೀನನ್ನು ಯಾವ ಮನೆಗೆ ಹಾಕಬೇಕು ಎಂಬ ಚರ್ಚೆ ಗಂಟೆ ಹೊಡೆದರೂ ಮುಗಿಯಲಿಲ್ಲ.

ಬಿತ್ತನೆಯ ಮರಿಗಳನ್ನು ಉಳಿಸುವ ದಾರಿಯೂ ಚರ್ಚೆಯಲ್ಲಿ ಬಂತು. ಸಣ್ಣ ಮರಿ ಬಿಟ್ಟರೆ ಬಾಳೆಗೆ ಊಟ. ಹತ್ತು ಸೆಂಟಿಮೀಟರ್‌ನಷ್ಟಾದರೂ ಬಲಿತ ಮರಿ ಬಿಟ್ಟರೆ ಬದುಕುವ ಸಂಖ್ಯೆ ಹೆಚ್ಚು. ಪರಭಕ್ಷಕವನ್ನು ತೆಗೆಯದೆ ಮರಿಯ ಗಾತ್ರ ಬದಲಿಸುವ ಉಪಾಯವಿದು. ಬೆಲೆಯಿಲ್ಲದ ಸಣ್ಣ ಮೀನನ್ನು ತಿಂದು ಬೆಲೆಯಿರುವ ಮೀನಾಗುವ ಕೊರವ, ಬಾಳೆಗಳನ್ನು ಮೀನುಗಾರರು ಗಾಳ, ಬಲೆ ಹಾಕಿ ಹಿಡಿಯುತ್ತಲೇ ಇರುತ್ತಾರೆ. ಹಾಗಾಗಿ ಮನುಷ್ಯನೂ ಈ ಸರಪಳಿಯ ಒಂದು ಕೊಂಡಿಯೆಂದು ಮಕ್ಕಳು ಬರೆದುಕೊಂಡರು.

ತರಗತಿಯ ಅವಲೋಕನ

ಈ ಪಾಠದಲ್ಲಿ ನಾಜೂಕಿನ ಒಂದು ಜಾಗವಿದೆ. ನಮ್ಮ ತರಗತಿಗಳಲ್ಲಿ ಮೀನು ತಿನ್ನುವ ಮನೆಯವರೂ ತಿನ್ನದ ಮನೆಯವರೂ ಪಕ್ಕಪಕ್ಕದಲ್ಲಿ ಕೂತಿರುತ್ತಾರೆ. ಮೀನು ಹಿಡಿದೇ ಬದುಕುವ ಮನೆಯ ಮಕ್ಕಳೂ ಇರುತ್ತಾರೆ, ಅದನ್ನು ಹೇಳಿಕೊಳ್ಳಲು ಹಿಂಜರಿಯುತ್ತಾರೆ. ಆದ್ದರಿಂದ ‘ನಿಮ್ಮ ಮನೆಯಲ್ಲಿ ಮೀನು ಮಾಡುತ್ತಾರಾ?’ ಎಂಬ ಪ್ರಶ್ನೆಯನ್ನು ಪಾಠಯೋಜನೆಯಲ್ಲಿ ಎಲ್ಲಿಯೂ ಇಡಲಿಲ್ಲ. ‘ಮೀನನ್ನು ಎಲ್ಲಿ ನೋಡಿದ್ದೀರಿ?’ ಎಂದು ಕೇಳಿದೆ. ಶೃಂಗೇರಿಯ ದೇವಸ್ಥಾನದ ಹೊಳೆಯಲ್ಲಿ ಮಂಡಕ್ಕಿ ಹಾಕಿದವರು, ತೀರ್ಥಹಳ್ಳಿಯ ಛಿಪ್ಪಲಗುಡ್ಡೆಯಲ್ಲಿ ನೋಡಿದವರು, ಮಳೆ ಹಿಡಿದಾಗ ಅಜ್ಜಿಮನೆಯ ಗದ್ದೆಗೆ ಹತ್ತುಮೀನು ಬಂದದ್ದನ್ನು ಕಂಡವರು, ಸಂತೆಯಲ್ಲಿ ಕಂಡವರು, ಎಲ್ಲರಿಗೂ ಹೇಳಲು ಏನಾದರೂ ಇತ್ತು.

ಮೊದಲ ಎರಡು ದಿನ ಬಾಯಿ ಬಿಡದ ಒಬ್ಬ ಹುಡುಗ ಮೂರನೆಯ ಅವಧಿಯಲ್ಲಿ ಮಾತಾಡಿದ. ಕೊರವದ ಮರಿಗಳು ಕೆಂಪಗೆ ಗುಂಪಾಗಿ ಮೇಲೆ ಬರುವಾಗ ತಾಯಿ ತಂದೆ ಕೆಳಗೇ ಕಾವಲಿರುತ್ತವೆ, ಆಗ ಏನು ಹಾಕಿದರೂ ಬಂದು ಕಚ್ಚುತ್ತವೆ ಎಂದ. “ಸುಲಭವಾಗಿ ಸಿಗ್ತಾವೆ ಮಿಸ್. ಆದ್ರೆ ಆಗ ಹಿಡಿದ್ರೆ ಮರಿಗಳನ್ನ ಬೇರೆ ಮೀನು ತಿಂದು ಖಾಲಿ ಮಾಡ್ತಾವೆ. ಅದಕ್ಕೇ ನಮ್ಮಪ್ಪ ಆವಾಗ ಗಾಳ ಹಾಕಲ್ಲ.” ಯಾರೂ ನಗಲಿಲ್ಲ. ಪಾಲಕ ಆರೈಕೆ, ಸುಸ್ಥಿರ ಬಳಕೆ ಎಂಬ ಎರಡು ಪರಿಕಲ್ಪನೆಗಳನ್ನು ಆ ಮೂರು ವಾಕ್ಯಗಳ ಕೆಳಗೆ ಕಪ್ಪುಹಲಗೆಯ ಮೇಲೆ ಬರೆದೆ. ಮುಂದಿನ ಅವಧಿಯ ಗುಂಪು ಚರ್ಚೆಯಲ್ಲಿ ಪಕ್ಕದ ಗುಂಪಿನವರು ಅವನ ಬಳಿಗೇ ಬಂದು ಕೇಳುತ್ತಿದ್ದರು.

ಮೌಲ್ಯಮಾಪನ

ಪರೀಕ್ಷೆಗೆ ಬೇಕಾದ ಸರಪಳಿ, ಬಾಣ, ಶೇಕಡಾ ಹತ್ತರ ಲೆಕ್ಕಗಳನ್ನು ಪ್ರಶ್ನೆಪತ್ರಿಕೆಯ ಮಾದರಿಯಲ್ಲೇ ಕೇಳಿದೆ. ಅದರ ಜೊತೆಗೆ ಒಂದು ತೆರೆದ ಪ್ರಶ್ನೆ ಕೊಟ್ಟೆ: ‘ಜಲಾಶಯದಿಂದ ಬಾಳೆ ಮೀನನ್ನು ಪೂರ್ತಿ ತೆಗೆದರೆ ಒಂದು ಲಾಭ, ಎರಡು ನಷ್ಟ ಬರೆಯಿರಿ, ಪ್ರತಿಯೊಂದಕ್ಕೂ ಕಾರಣ ಕೊಡಿ.’ ತೀರ್ಪಿಗೆ ಅಂಕವಿಲ್ಲ, ಕಾರಣಕ್ಕೆ ಅಂಕ ಎಂದು ಮೊದಲೇ ತಿಳಿಸಿದ್ದೆ. ತೆಗೆಯಬೇಕು ಎಂಬ ನಿಲುವನ್ನು ಕೊನೆಯವರೆಗೂ ಬಿಡದ ಕೆಲವರಿದ್ದರು. ಅವರ ಕಾರಣಗಳು ಸರಪಳಿಯ ಲೆಕ್ಕವನ್ನು ಆಧರಿಸಿದ್ದವು, ಪೂರ್ಣ ಅಂಕ ಕೊಟ್ಟೆ.

ಮುಂದೆ ಈ ಪಾಠ ಮಾಡುವವರಿಗೆ

ಸ್ಥಳೀಯ ಹೆಸರುಗಳನ್ನು ಮಕ್ಕಳಿಂದಲೇ ಕೇಳಿ ಪಟ್ಟಿ ಮಾಡಿಕೊಳ್ಳಿ. ಒಂದೇ ಮೀನಿಗೆ ಊರಿಗೊಂದು ಹೆಸರಿರುತ್ತದೆ. ನಿಜವಾದ ಮೀನನ್ನು ತರಗತಿಗೆ ತರಬೇಕಾಗಿಲ್ಲ, ಚಿತ್ರ ಸಾಕು. ಜಲಾಶಯದ ದಂಡೆಗೆ ಮಕ್ಕಳನ್ನು ಕರೆದೊಯ್ಯುವುದಾದರೆ ಅನುಮತಿ, ಪಾಲಕರ ಒಪ್ಪಿಗೆ, ನೀರಿನ ಅಪಾಯ ಮೂರನ್ನೂ ಮೊದಲೇ ನೋಡಿಕೊಳ್ಳಿ, ಬಿ.ಆರ್. ಪ್ರಾಜೆಕ್ಟ್‌ನ ಮೀನುಮರಿ ಕೇಂದ್ರದ ಭೇಟಿ ಅದಕ್ಕಿಂತ ಸುರಕ್ಷಿತ. ನಾಲ್ಕು ಅವಧಿ ಸಿಗದಿದ್ದರೆ ಮೊದಲ ಮತ್ತು ಮೂರನೆಯ ಅವಧಿಗಳನ್ನು ಉಳಿಸಿಕೊಳ್ಳಿ. ಲೆಕ್ಕವನ್ನು ಮನೆಗೆಲಸಕ್ಕೆ ಕೊಡಬಹುದು. ಕರಾವಳಿಯ ಅಥವಾ ಬಯಲುಸೀಮೆಯ ಶಾಲೆಯಲ್ಲಿರುವ ಪ್ರಶಿಕ್ಷಣಾರ್ಥಿಗಳು ಬಾಳೆಯ ಬದಲು ತಮ್ಮ ಊರಿನ ಕೆರೆ, ಹೊಳೆಯ ಪರಭಕ್ಷಕ ಮೀನನ್ನು ಇಟ್ಟು ಇದೇ ಚೌಕವನ್ನು ತುಂಬಿಸಿ ನೋಡಬಹುದು.