ಗುಲ್ಮಾರ್ಗ್‌ಗೆ ಹೊರಟಿರಾ? ಟಿಕೆಟ್‌ಗಿಂತ ಮೊದಲು ಹವಾಮಾನ ನೋಡಿ

ತೆಲಂಗಾಣದ ಮದ್ದೂರು, ನಾರಾಯಣಪೇಟೆ, ಮಖ್ತಲ್, ಗದ್ವಾಲ ಕಡೆಯವರು ಹಿಮ ನೋಡಬೇಕೆಂದರೆ ಉತ್ತರಕ್ಕೇ ಹೋಗಬೇಕು. ಹೈದರಾಬಾದಿನಿಂದ ವಿಮಾನದಲ್ಲಿ ಶ್ರೀನಗರ, ಅಲ್ಲಿಂದ ಸುಮಾರು 50 ಕಿ.ಮೀ. ದೂರದಲ್ಲಿ ಗುಲ್ಮಾರ್ಗ್. ಆದರೆ ದುಡ್ಡು ಖರ್ಚು ಮಾಡಿ ಹೋದವರಿಗೆಲ್ಲ ಹಿಮ ಸಿಕ್ಕೇ ಸಿಗುತ್ತದೆ ಎನ್ನುವಂತಿಲ್ಲ. 2024ರ ಜನವರಿಯ ಮೊದಲ ವಾರಗಳಲ್ಲಿ ಅಲ್ಲಿನ ಇಳಿಜಾರುಗಳು ಒಣಗಿ ನಿಂತಿದ್ದವು. 2025ರಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವೇ ಫೆಬ್ರುವರಿಯಿಂದ ಮಾರ್ಚ್‌ಗೆ ಹೋಯಿತು. ಆದ್ದರಿಂದ ಹೀಗೆ ಸಿದ್ಧರಾಗಿ.

1. ತಿಂಗಳು ಆರಿಸಿ

ಕಾಶ್ಮೀರದ ಕಡುಚಳಿಯ 40 ದಿನಗಳಿಗೆ ‘ಚಿಲ್ಲೈ ಕಲಾನ್’ ಎನ್ನುತ್ತಾರೆ. ಅದು ಡಿಸೆಂಬರ್ 21ಕ್ಕೆ ಶುರು. ನಮ್ಮ ಸಂಕ್ರಾಂತಿ ರಜೆ ಅದರೊಳಗೇ ಬರುತ್ತದೆ. ಆದರೆ ಚಳಿ ಇದ್ದ ಮಾತ್ರಕ್ಕೆ ಹಿಮ ಬೀಳದು. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ತೇವ ಹೊತ್ತು ಬರುವ ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ ಮಾರುತಗಳು ಹಿಮಾಲಯಕ್ಕೆ ತಾಗಬೇಕು. ಸ್ಕೀಯಿಂಗ್ ಕಲಿಯುವ ಆಸೆಯಿದ್ದರೆ ಜನವರಿ ಕೊನೆಯಿಂದ ಫೆಬ್ರುವರಿ ಕೊನೆಯವರೆಗಿನ ದಿನಗಳನ್ನು ಇಟ್ಟುಕೊಳ್ಳಿ. ಅಷ್ಟರಲ್ಲಿ ಹಿಮ ಪದರ ಪದರವಾಗಿ ಕೂಡಿರುವ ಸಾಧ್ಯತೆ ಹೆಚ್ಚು.

2. ಮುನ್ಸೂಚನೆ ಓದಿ

ಹೊರಡುವ ವಾರ ಭಾರತೀಯ ಹವಾಮಾನ ಇಲಾಖೆಯ ಶ್ರೀನಗರ ಕೇಂದ್ರದ ಮುನ್ಸೂಚನೆಯನ್ನು ದಿನವೂ ನೋಡಿ. ಅದರ ಎಚ್ಚರಿಕೆಯ ಬಣ್ಣಗಳಲ್ಲಿ ಹಳದಿ ಎಂದರೆ ಎಚ್ಚರ, ಕಿತ್ತಳೆ ಎಂದರೆ ಸಿದ್ಧತೆ. ಕೆಂಪು ಬಂದರೆ ಪಯಣ ಮುಂದೂಡಿ. ಮಳೆ ಪ್ರಮಾಣವನ್ನು ಮಿಲಿಮೀಟರ್‌ನಲ್ಲಿ ಕೊಟ್ಟಿದ್ದರೆ, 10 ಮಿ.ಮೀ. ನೀರಿಗೆ ಸುಮಾರು 10 ಸೆಂ.ಮೀ. ಹಿಮ ಎಂದು ಅಂದಾಜು ಮಾಡಿ. ಚಳಿ ಹೆಚ್ಚಿದ್ದರೆ ಹಿಮ ಹಗುರವಾಗಿ ಇನ್ನೂ ದಪ್ಪ ಕೂರುತ್ತದೆ.

3. ಎತ್ತರದ ಲೆಕ್ಕ ಹಾಕಿ

ಮೇಲೇರಿದಂತೆ ಪ್ರತಿ 1,000 ಮೀಟರಿಗೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಶ್ರೀನಗರ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಗುಲ್ಮಾರ್ಗ್ 2,650 ಮೀಟರ್. ಹಾಗಾಗಿ ಶ್ರೀನಗರದಲ್ಲಿ ಬರೀ ಮಳೆಯಾಗುವಾಗ ಗುಲ್ಮಾರ್ಗ್‌ನಲ್ಲಿ ಹಿಮ ಬೀಳಬಹುದು. ಅಲ್ಲಿನ ಕೇಬಲ್ ಕಾರ್ ‘ಗೊಂಡೋಲಾ’ದ ಎರಡನೇ ಹಂತ ಅಫರ್ವತ್ ಬೆಟ್ಟದಲ್ಲಿ 3,900 ಮೀಟರ್ ದಾಟುತ್ತದೆ. ಕೆಳಗೆ ಸೊನ್ನೆ ಡಿಗ್ರಿ ಇದ್ದರೆ ಅಲ್ಲಿ ಮೈನಸ್ 8ರ ಆಸುಪಾಸು. ಗಾಳಿ ಬೀಸಿದರೆ ಮೈಗೆ ಅದಕ್ಕಿಂತ ಹೆಚ್ಚು ಕೊರೆಯುತ್ತದೆ. ಮೊದಲ ದಿನ ಕೆಳಗೇ ಇದ್ದು ಮರುದಿನ ಮೇಲೇರಿ. ತಲೆನೋವು, ವಾಂತಿ, ಉಸಿರಾಟಕ್ಕೆ ತೊಂದರೆ ಕಂಡರೆ ತಡಮಾಡದೆ ಇಳಿಯಿರಿ.

4. ಬಟ್ಟೆ ಸರಿಯಾಗಿರಲಿ

ನಾರಾಯಣಪೇಟೆಯ ಹತ್ತಿ ಸೀರೆ ನಮ್ಮ ಹೆಮ್ಮೆ. ಹಿಮದಲ್ಲಿ ಮಾತ್ರ ಹತ್ತಿ ಬಟ್ಟೆ ಬೇಡ. ನೆನೆದರೆ ಬೇಗ ಆರದು, ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಒಳಗೆ ಥರ್ಮಲ್, ನಡುವೆ ಉಣ್ಣೆ, ಹೊರಗೆ ನೀರು ಇಳಿಯದ ಜಾಕೆಟ್ ಹಾಕಿ. ಕೈಗವಸು, ಉಣ್ಣೆಯ ಕಾಲುಚೀಲ ಎರಡೆರಡು ಜೊತೆ ಇರಲಿ. ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣಗಳನ್ನು ಶೇ 80ರವರೆಗೂ ಮರಳಿಸುವುದರಿಂದ ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಬೇಕೇಬೇಕು. ಗಂಬೂಟು, ಸ್ಕೀ ಸಲಕರಣೆ ಅಲ್ಲೇ ಬಾಡಿಗೆಗೆ ಸಿಗುತ್ತವೆ.

5. ದಾರಿ, ಫೋನು, ಹೆಚ್ಚುವರಿ ದಿನ

ಹಿಮ ಬಿದ್ದಾಗ ಗುಲ್ಮಾರ್ಗ್ ದಾರಿಯ ತಂಗ್‌ಮಾರ್ಗ್‌ನಿಂದ ಮೇಲಕ್ಕೆ ಚಕ್ರಕ್ಕೆ ಸರಪಳಿ ಕಟ್ಟಿದ ಅಥವಾ ನಾಲ್ಕೂ ಚಕ್ರಕ್ಕೆ ಶಕ್ತಿ ಇರುವ ವಾಹನಗಳನ್ನಷ್ಟೇ ಬಿಡುತ್ತಾರೆ. ವಿಮಾನ ರದ್ದಾಗಬಹುದು, ಜಮ್ಮು ಹೆದ್ದಾರಿ ಮುಚ್ಚಬಹುದು. ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. 2025ರ ಜೂನ್‌ನಿಂದ ಕಟ್ರಾ–ಶ್ರೀನಗರ ರೈಲೂ ಇದೆ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯದು. ಗುಂಪಿನಲ್ಲಿ ಒಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ.

6. ಹಿಮಕುಸಿತದ ಬಗ್ಗೆ ಎಚ್ಚರ

ಭಾರಿ ಹಿಮ ಬಿದ್ದ ಮೊದಲ ಒಂದೆರಡು ದಿನಗಳೇ ಹೆಚ್ಚು ಅಪಾಯದವು. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಹೊಸ ಪದರ ಹಳೆಯದರ ಮೇಲಿಂದ ಜಾರುತ್ತದೆ. 2023ರ ಫೆಬ್ರುವರಿ 1ರಂದು ಅಫರ್ವತ್‌ನಲ್ಲಿ ಪೋಲೆಂಡ್‌ನ ಇಬ್ಬರು ಸ್ಕೀಯರ್‌ಗಳು ಹೀಗೆಯೇ ಜೀವ ಕಳೆದುಕೊಂಡರು. ಹಿಮಕುಸಿತದ ಮುನ್ನೆಚ್ಚರಿಕೆ ನೋಡದೆ ಮೇಲೇರಬೇಡಿ. ಹೊಸಬರು ಗುಲ್ಮಾರ್ಗ್ ಬಯಲಿನ ಇಳಿಜಾರಿನಲ್ಲೇ ಕಲಿಯಿರಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯೂ ಅಲ್ಲಿ ತರಬೇತಿ ಕೊಡುತ್ತದೆ.

ಗಾಳಿ ಜೋರಾದರೆ ಗೊಂಡೋಲಾ ನಿಲ್ಲಿಸುತ್ತಾರೆ. ಆಗ ಸಿಬ್ಬಂದಿಯ ಜೊತೆ ವಾದಕ್ಕೆ ಇಳಿಯಬೇಡಿ. ಬೆಟ್ಟವನ್ನು ದಿನವೂ ನೋಡುವ ಅವರ ಮಾತು ಕೇಳಿ, ಮಕ್ಕಳು ಹಿರಿಯರೊಂದಿಗೆ ಕ್ಷೇಮವಾಗಿ ಊರಿಗೆ ಮರಳಿ.